ಮೇಷ್ಟ್ರ ಮೆಂತ್ಯದ ಗೂಡು

ಮೊನ್ನೆ ಸ್ಕೂಟರಿಗೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ತೆಗೆದಾಗ ಬಿಸಿಲಿಗೆ ಕಾದ ಅದರ ವಾಸನೆ ಮುಖಕ್ಕೆ ಬಡಿಯಿತು. ಪಕ್ಕದ ಮನೆಯ ಮೇಷ್ಟ್ರು ನೆನಪಾದರು… ಜೊತೆಗೆ ಆಗಿನ ಸಿಟ್ಟೂ.

ಉಡುಪಿ ಕಡೆಯವರು. ಈ ಪರದೇಶದಲ್ಲಿ, ಪೆಟಾಲಿಂಗ್ ಜಯಾದ ನಮ್ಮ ಬೀದಿಯಲ್ಲಿದ್ದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಊರಿಗೆ ಹೋಗಿದ್ದ ಅವರ ಹೆಂಡತಿ, ಕೊರೊನಾ ಬಂದು ವಿಮಾನಗಳು ನಿಂತು, ಅಲ್ಲೇ ಸಿಕ್ಕಿಕೊಂಡರು. ಪಾಠವೆಲ್ಲ ಲ್ಯಾಪ್‌ಟಾಪಿಗೆ ಬಂದಮೇಲೆ ಮೇಷ್ಟ್ರು ಹಿತ್ತಲಿಗಿಳಿದರು. ಬಿತ್ತಿದ ಮೆಂತ್ಯ ಸಂಜೆಯ ಮಳೆಗೆ ಕೊಳೆಯುತ್ತಿತ್ತು. ಮಳೆಯ ತಿಂಗಳುಗಳಲ್ಲೂ ಸೊಪ್ಪು ಬೆಳೆಯಲೇಬೇಕೆಂದು ಪೈಪು ಬಗ್ಗಿಸಿ, ಪ್ಲಾಸ್ಟಿಕ್ ಹೊದಿಸಿ ಪುಟ್ಟ ಗ್ರೀನ್‌ಹೌಸ್ ಕಟ್ಟಿದರು.

"ಚಳಿಯೇ ಇಲ್ದಿರೋ ಊರಲ್ಲಿ ಗ್ರೀನ್‌ಹೌಸ್ ಯಾಕೆ ಸರ್?" ಬೇಲಿಯ ಈಚೆಯಿಂದ ಕೇಳಿದೆ.

"ಚಳಿಗಲ್ಲ ಮಾರಾಯ್ತಿ, ಮಳೆಗೆ. ಹೆಂಡ್ತಿ ಬರುವಾಗ ಮೆಂತ್ಯ ಇರ್ಬೇಕು."

ನಾಲ್ಕೂ ಕಡೆ ಮುಚ್ಚಿದ್ದರಿಂದ ಸಸಿಗಳು ಒಳಗೇ ಬೆಂದುಹೋದವು. ಬದಿಯ ಹಾಳೆ ಎತ್ತಿ ಕಟ್ಟಿ, ಗಾಳಿಯಾಡಲಿ ಎಂದು ಬಡಕೊಂಡೆ. ಎರಚಲು ಬರುತ್ತದೆ ಎಂದು ಅವರ ಹಟ. ಮತ್ತೆ ಬಿತ್ತಿದರು, ಮತ್ತೆ ಬೆಂದವು. ದಿನವೂ ಜಗಳ. ಒಂದು ಬೆಳಿಗ್ಗೆ ನೋಡಿದರೆ ಹಾಳೆಯ ಬದಿಗಳನ್ನು ಸುತ್ತಿ ಮೇಲೆ ಕಟ್ಟಿದ್ದರು.

"ನೀನು ಹೇಳಿದ್ದಕ್ಕಲ್ಲ," ಎಂದರು.

ಈ ಸಲ ಮೆಂತ್ಯ ಎದ್ದು ನಿಂತಿತು. ಸುತ್ತ ಧೋ ಎಂದು ಮಳೆ, ಒಳಗೆ ಹಚ್ಚಗಿನ ಮಡಿ. ಹೆಂಡತಿಗೆ ವಿಡಿಯೊ ಕಾಲಿನಲ್ಲಿ ತೋರಿಸಿ, "ನಾಡಿದ್ದು ಕೊಯ್ಯುದು" ಎಂದು ಬೀಗಿದರು.

ಆ ನಾಡಿದ್ದಿಗೆ ಮೊದಲೇ ಜ್ವರ, ಉಬ್ಬಸ. ಆಂಬುಲೆನ್ಸ್ ಹತ್ತುತ್ತ ನನ್ನತ್ತ ತಿರುಗಿ, "ಸೊಪ್ಪು ಕೊಯ್ದುಕೋ, ಬಲಿತರೆ ಕಹಿ," ಎಂದರು. ಆದರೆ ಆರೋಗ್ಯ ಇಲಾಖೆಯವರು ಮನೆಗೆ ಬೀಗ ಹಾಕಿ, ಯಾರೂ ಒಳಗೆ ಕಾಲಿಡಬಾರದು ಎಂದು ಹೇಳಿಹೋದರು. ಆಸ್ಪತ್ರೆಗೆ ಫೋನ್ ಮಾಡಿದರೆ, ಮನೆಯವರಿಗೆ ಮಾತ್ರ ಹೇಳುತ್ತೇವೆ ಎಂಬ ಒಂದೇ ಉತ್ತರ. ಮನೆಯವರು ಉಡುಪಿಯಲ್ಲಿ! ಬೇಲಿಯಾಚೆ, ಕೈಗೆಟುಕದಷ್ಟು ದೂರದಲ್ಲಿ, ಮೆಂತ್ಯ ಬಲಿಯಿತು, ಹೂಬಿಟ್ಟಿತು… ಮೇಷ್ಟ್ರು ಬರಲೇ ಇಲ್ಲ.

ಆಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಬೇರೇನೂ ಕೇಳಲಿಲ್ಲ.

"ಅವರು ಒಂದು ಸಲವಾದ್ರೂ ಆ ಸೊಪ್ಪು ತಿಂದ್ರಾ?"

"ತುಂಬಾ ಚೆನ್ನಾಗಿ ಬಂದಿತ್ತು ಆಂಟಿ," ಎಂದೆ.

ಆ ಹಿತ್ತಲಿಗೆ ಈಗ ಹೊಸಬರು ಸಿಮೆಂಟ್ ಹಾಕಿಸಿದ್ದಾರೆ. ನಾನೂ ಕುಂಡಗಳಲ್ಲಿ ಒಂದಿಷ್ಟು ಸೊಪ್ಪು ಹಾಕುತ್ತೇನೆ. ಅದು ಬೆಳೆದರೂ ಸರಿ, ಕೊಳೆತರೂ ಸರಿ, ಜಗಳಕ್ಕೆ ಬರುವವರು ಯಾರೂ ಇಲ್ಲ.