ತರೀಕೆರೆಗೆ ಹೋಗಬೇಕಿದ್ದ ಟ್ರಂಕು

ಎಂಬತ್ತರ ದಶಕದ ಆರಂಭದಲ್ಲಿ ನಾನು ಕಡೂರಿನ ಒಬ್ಬ ಕಟ್ಟಡ ಕಂಟ್ರಾಕ್ಟರರ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸಕ್ಕಿದ್ದೆ. ಅವರ ಇನ್ನೊಂದು ಆಫೀಸು ತರೀಕೆರೆಯಲ್ಲಿತ್ತು. ನಕ್ಷೆ, ದರಪಟ್ಟಿಗಳೆಲ್ಲ ನಮ್ಮಲ್ಲಿ ತಯಾರಾಗುತ್ತಿದ್ದವು. ಟೆಂಡರ್ ಹಾಕುವುದು ಅಲ್ಲಿಯ ಎಂಜಿನಿಯರರ ಕೆಲಸ. ಕಾಗದಗಳನ್ನು ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಬಸ್ಸಿನಲ್ಲಿ ಒಯ್ಯುತ್ತಿದ್ದರು. ಆ ಬೀಗದ ಒಂದು ಕೀ ಕಡೂರಿನಲ್ಲಿ, ಇನ್ನೊಂದು ತರೀಕೆರೆಯಲ್ಲಿ. ಒಯ್ಯುವವರ ಹತ್ತಿರ ಕೀ ಇರುತ್ತಿರಲಿಲ್ಲ.

ಒಮ್ಮೆ, ದಿನವೂ ಹೋಗುತ್ತಿದ್ದ ಗುಮಾಸ್ತರಿಗೆ ಜ್ವರ ಬಂದು, ನನ್ನನ್ನು ಕಳಿಸಿದರು. ಅಜ್ಜಂಪುರದಲ್ಲಿ ಕಟ್ಟಬೇಕಿದ್ದ ಆಸ್ಪತ್ರೆಯ ಟೆಂಡರು ಅದು. ನಮ್ಮ ದರ ಮೊದಲೇ ಹೊರಬಿದ್ದರೆ ಕೆಲಸ ಕೈತಪ್ಪಿದಂತೆಯೇ.

"ಬೇರೆ ಯಾರ ಕೈಗೂ ಕೊಡ್ಬೇಡಮ್ಮ. ಎಂಜಿನಿಯರ್ ಕೈಗೇ ಕೊಡು," ಎಂದರು ಯಜಮಾನರು.

ಟ್ರಂಕನ್ನು ಬಸ್ಸಿನ ಮೇಲೆ ಹಾಕಲು ನಾನು ಬಿಡಲಿಲ್ಲ. ಕಾಲಡಿಯಲ್ಲೇ ಇಟ್ಟುಕೊಂಡು ಕೂತೆ. ಬೀರೂರಿನಲ್ಲಿ ಬಸ್ ನಿಂತಾಗ, ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಹತ್ತಿ ನೇರ ನನ್ನ ಬಳಿಗೇ ಬಂದ.

"ಆಸ್ಪತ್ರೆ ಪೇಪರ್ ತಂದಿದ್ದೀರಲ್ವಾ ಮೇಡಮ್? ಎಂಜಿನಿಯರ್ ಸಾಹೇಬ್ರು ಇಲ್ಲಿಗೇ ಬಂದವ್ರೆ. ಜೀಪಲ್ಲಿ ಕೂತವ್ರೆ. ಕೊಡಿ."

ಇವನಿಗೆ ಇದೆಲ್ಲ ಹೇಗೆ ಗೊತ್ತು?

"ಕೀ ತಂದಿದ್ದೀರಾ?" ಎಂದೆ.

"ಯಾವ ಕೀ?"

ಎಂಜಿನಿಯರ್ ಕಳಿಸಿದವನಾಗಿದ್ದರೆ, ಇನ್ನೊಂದು ಕೀ ಅವರ ಹತ್ತಿರವೇ ಇರುವುದು ಅವನಿಗೆ ಗೊತ್ತಿರುತ್ತಿತ್ತು. ಅವನು ಬಗ್ಗಿ ಟ್ರಂಕಿನ ಹಿಡಿ ಎಳೆದ. ನಾನು ಎರಡೂ ಕೈಯಿಂದ ಅದನ್ನು ಅವುಚಿಕೊಂಡೆ. ಪಕ್ಕದ ಸೀಟಿನಲ್ಲಿ ಹುಣಸೆಹಣ್ಣಿನ ಚೀಲ ಇಟ್ಟುಕೊಂಡಿದ್ದ ಮುದುಕಿ ಎದ್ದು ನಿಂತಳು.

"ಏನಪ್ಪಾ, ಹೆಣ್ಮಗ್ಳ ಕೈಯಿಂದ ಕಿತ್ಕೊಳ್ತೀಯಾ? ಲೇ ಕಂಡಕ್ಟ್ರೇ, ಬಾರೋ ಇಲ್ಲಿ!"

ಕಂಡಕ್ಟರ್ ಬರುವಷ್ಟರಲ್ಲಿ ಅವನು ಇಳಿದಿದ್ದ. ಓಡಲಿಲ್ಲ. ಕಿಟಕಿಯ ಹತ್ತಿರ ಬಂದು ಮೆಲ್ಲಗೆ, "ಸಂಜೆ ಇದೇ ದಾರೀಲಿ ತಾನೆ ವಾಪಸ್ ಹೋಗೋದು?" ಎಂದ.

ತರೀಕೆರೆ ಬರುವವರೆಗೂ ಟ್ರಂಕಿನ ಹಿಡಿಯಿಂದ ಕೈ ತೆಗೆಯಲಿಲ್ಲ. ಎಂಜಿನಿಯರ್ ಬೀಗ ತೆಗೆದರು, ಕಾಗದಗಳೆಲ್ಲ ಸರಿಯಾಗಿದ್ದವು. "ನಾನು ಬೀರೂರಿಗೆ ಹೋಗೂ ಇಲ್ಲ, ಯಾರನ್ನೂ ಕಳ್ಸೂ ಇಲ್ಲ ಕಣಮ್ಮ," ಎಂದು ಕಡೂರಿಗೆ ಫೋನ್ ಮಾಡಿದರು. ವಿಷಯ ಕೇಳಿದ ಯಜಮಾನರು, "ಅವಳು ಹೊರಟಿದ್ದು ಹೊರಗಿನವರಿಗೆ ಹೇಗೆ ಗೊತ್ತಾಯ್ತು?" ಎಂದರಂತೆ. ಆ ದಿನ ಆ ಬಸ್ಸಿನಲ್ಲಿ ನಾನೇ ಹೊರಟಿದ್ದೇನೆಂಬುದು ಗೊತ್ತಿದ್ದದ್ದು ನಮ್ಮ ಕಡೂರಿನ ಆಫೀಸಿನವರಿಗಷ್ಟೇ.

ಸಂಜೆ ಬಸ್ಸು ಹತ್ತುವ ಧೈರ್ಯ ನನಗಾಗಲಿಲ್ಲ. ಎಂಜಿನಿಯರರ ಹೆಂಡತಿ ತಮ್ಮ ಮನೆಯಲ್ಲೇ ಉಳಿಸಿಕೊಂಡರು. ಮರುದಿನ ಅವರಿಬ್ಬರೂ ರೈಲಿನಲ್ಲಿ ಕಡೂರಿನವರೆಗೆ ಜೊತೆಗೆ ಬಂದರು.

ಟೆಂಡರು ನಮಗೇ ಆಯಿತು. ಅವನು ಯಾರು, ಅವನಿಗೆ ಸುದ್ದಿ ಕೊಟ್ಟವರು ಯಾರು ಎಂಬುದು ಮಾತ್ರ ಕೊನೆಗೂ ತಿಳಿಯಲಿಲ್ಲ. ಆಫೀಸಿನಲ್ಲಿ ಎಲ್ಲರೂ ಎಂದಿನಂತೆ ನಗುನಗುತ್ತ ಮಾತಾಡಿಸಿದರು. ನಾನೂ ನಕ್ಕೆ. ಆಮೇಲೆ ಅಲ್ಲಿ ಕೆಲವು ವರ್ಷ ಇದ್ದೆ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ನಾಳೆ ಎಲ್ಲಿಗೆ ಹೋಗುತ್ತೇನೆ ಎಂಬುದನ್ನು, ತವರಿಗೆ ಹೊರಟಿದ್ದರೂ ಸಹ, ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.