ಗ್ರಹಣದ ದಿನ ಚೆಲ್ಲಿದ ನೀರು

ನಿಮ್ಮ ಅಜ್ಜನಿಗೆ ನಡೆಯುವ ಹುಚ್ಚಿತ್ತು. ಓಝರಿನ ವಿಮಾನ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದರು. ವಾರವೆಲ್ಲ ನಿಂತು ದುಡಿದವರು ರವಿವಾರವಾದರೂ ಮಲಗಬೇಕೋ ಬೇಡವೋ, ಬೆಳಿಗ್ಗೆ ಎದ್ದು ಬೆನ್ನಿಗೆ ಚೀಲ ಏರಿಸಿ ಗುಡ್ಡ ಹುಡುಕಿಕೊಂಡು ಹೋಗುತ್ತಿದ್ದರು. ಆ ವರ್ಷ ಬೇಸಿಗೆ ರಜೆ ಸಿಕ್ಕಾಗ, ಓಝರಿನಿಂದ ವೇರೂಳಿನವರೆಗೆ ನಡೆದೇ ಹೋಗುವುದು ಎಂದು ಹಟ ಹಿಡಿದರು. ಈಗ ನೀವು ಸಂಭಾಜಿನಗರ ಎನ್ನುವ ಔರಂಗಾಬಾದಿನ ಈ ಕಡೆ ಇದೆ ವೇರೂಳು. ಏಳು ದಿನದ ದಾರಿ. ಬರುತ್ತೇನೆಂದಿದ್ದ ಗೆಳೆಯರೆಲ್ಲ ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ನನ್ನನ್ನು ಕೇಳಿದರು. ನನಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ.

ಅತ್ತೆಯವರು, ಅಂದರೆ ನಿಮ್ಮ ಮುತ್ತಜ್ಜಿ, ಒಪ್ಪಿದ್ದು ವೇರೂಳಿನಲ್ಲಿ ಜ್ಯೋತಿರ್ಲಿಂಗ ಇದೆ ಎಂಬ ಒಂದೇ ಕಾರಣಕ್ಕೆ. ನಾಲ್ಕು ವರ್ಷದ ನಿಮ್ಮ ಅಪ್ಪನನ್ನು ತಾವೇ ನೋಡಿಕೊಳ್ಳುತ್ತೇನೆ ಎಂದರು. ಪಂಚಾಂಗ ತೆಗೆದು ನೋಡಿ ನನ್ನನ್ನು ಕರೆದರು.

"ಅಮಾಸಿ ದಿನಾ ಸೂರ್ಯಗ್ರಹಣ ಅದ. ನೀರಾಗ ದರ್ಭಿ ಹಾಕೋದು ಮರೀಬ್ಯಾಡ. ಮರತ್ರ ಆ ನೀರು ಚೆಲ್ಲಿಬಿಡು. ಮನ್ಯಾಗ ಕೂಸದ, ನೆನಪಿರಲಿ."

ಹೊರಗೆ ಚೀಲದ ಪಟ್ಟಿ ಹೊಲಿಯುತ್ತಿದ್ದ ಇವರು ನಕ್ಕರು. "ಅವ್ವಾ, ಆ ಸೂರ್ಯಗ ಒಂದ ತಾಸು ನೆರಳಾದ್ರ ನಮಗ ಛಲೋನ ಆತಲಾ!"

"ನಿನಗ ಯಾರ ಹೇಳ್ಲಿಕತ್ತಾರ? ನಾ ಅಕಿಗೆ ಹೇಳ್ಲಿಕತ್ತೇನಿ."

ನೀರಿಗಾಗಿ ಇವರು ಎರಡು ಚಪ್ಪಟೆ ತಗಡಿನ ಡಬ್ಬಿಗಳನ್ನು ತಾವೇ ಮಾಡಿದ್ದರು, ಬೆನ್ನಿಗೆ ಒತ್ತದ ಹಾಗೆ ಒಂದು ಮಗ್ಗುಲು ಬಾಗಿಸಿ. ಬೆಸುಗೆಯ ಮೇಲೆ ಬೆರಳಾಡಿಸಿ, "ಹತ್ತು ವರ್ಷ ಆದ್ರೂ ಒಂದ ಹನಿ ಸೋರೂದಿಲ್ಲ" ಎಂದು ಮನೆಗೆ ಬಂದವರಿಗೆಲ್ಲ ತೋರಿಸಿದ್ದರು.

ಸೀರೆಯುಟ್ಟು, ಗಂಡಸರಂತೆ ಬೆನ್ನಿಗೆ ಚೀಲ ಹೊತ್ತು ಊರೂರು ದಾಟುವುದೆಂದರೆ ನನಗೆ ಜೀವ ಹೋದ ಹಾಗಾಗುತ್ತಿತ್ತು. ಬಾವಿಕಟ್ಟೆಯ ಹೆಂಗಸರು "ಕಾಯ ವಿಕತಾ, ಬಾಈ?" ಎನ್ನುತ್ತಿದ್ದರು. ಏನು ಮಾರುತ್ತೀಯಮ್ಮಾ ಎಂದು. ನಾನು ಸೆರಗು ಎಳೆದುಕೊಂಡು ಮುಂದೆ ಹೋಗುತ್ತಿದ್ದೆ. "ಬಿಸಲು ಮಾರ್ತೇವಿ ಅನ್ನು, ಎಲ್ಲಾರೂ ಓಡಿ ಹೋಗ್ತಾರ" ಎಂದು ಇವರು ಹಿಂದಿನಿಂದ ಹೇಳುತ್ತಿದ್ದರು. ಮದುವೆಯಾಗಿ ಆರು ವರ್ಷದಲ್ಲಿ ಅವರು ನನ್ನೊಡನೆ ಅಷ್ಟು ಮಾತಾಡಿದ್ದು ಆ ನಾಲ್ಕು ದಿನಗಳಲ್ಲೇ.

ಯೇವಲೆ ಎಂಬ ಊರು ದಾಟಿದ ಮೇಲೆ ಹಸಿರು ಮುಗಿಯಿತು. ಮರುಭೂಮಿ ಎಂದರೆ ಮರಳು ಎಂದು ನಮ್ಮೂರ ಶಾಲೆಯಲ್ಲಿ ಕಲಿತಿದ್ದೆ. ಇಲ್ಲಿ ಮರಳಿರಲಿಲ್ಲ. ಕಪ್ಪು ಮಣ್ಣು ಕಾಲು ಇಳಿಯುವಷ್ಟು ಬಿರಿದಿತ್ತು. ಕಣ್ಣು ಹೋದಷ್ಟು ದೂರ ಒಣಗಿದ ಹತ್ತಿಯ ಕಡ್ಡಿ, ಅಲ್ಲೊಂದು ಇಲ್ಲೊಂದು ಜಾಲಿ. ದೂರದಲ್ಲಿ ನೀರು ಹೊಳೆದ ಹಾಗೆ ಕಾಣುತ್ತಿತ್ತು, ನಡೆದಷ್ಟೂ ಹಿಂದೆ ಸರಿಯುತ್ತಿತ್ತು. ಹಕ್ಕಿಯ ದನಿ ಕೂಡ ಇರಲಿಲ್ಲ.

ಐದನೆಯ ದಿನ ಅಮಾವಾಸ್ಯೆ. ಬೆಳಿಗ್ಗೆ ಒಂದು ಊರಿನ ಬಾವಿಯಲ್ಲಿ ನೀರು ಸೇದುವಾಗ ಅಲ್ಲಿದ್ದ ರೈತನೊಬ್ಬ ಎಚ್ಚರಿಸಿದ: ಮುಂದಿನ ಊರಿನ ಬಾವಿ ಹೋಳಿ ಹುಣ್ಣಿಮೆಗೇ ಬತ್ತಿದೆ, ಅದನ್ನು ದಾಟಿದ ಮೇಲೆ ನಾಳೆ ಮಧ್ಯಾಹ್ನದವರೆಗೆ ನೀರು ಸಿಗುವುದಿಲ್ಲ, ತುಂಬಿಕೊಂಡೇ ಹೋಗಿ. ಅವನ ಮಾತು ನನಗೂ ಪೂರ್ತಿ ತಿಳಿಯಿತು. ಇವರು ಎರಡೂ ಡಬ್ಬಿ ಬಾಯಿಮಟ ತುಂಬಿದರು.

ಮಧ್ಯಾಹ್ನ ಒಂದು ಬೇವಿನ ಮರದ ಕೆಳಗೆ ಇಳಿದೆವು. ಬಿಸಿಲು ತಗ್ಗಿದ ಮೇಲೆ ಹೊರಡುವುದೆಂದು ಇವರು ಮುಖಕ್ಕೆ ಪಂಜೆ ಹಾಕಿ ಮಲಗಿದರು. ನಾನು ಕೂತೇ ಇದ್ದೆ. ಇಳಿಹೊತ್ತಿನಲ್ಲಿ ಬಿಸಿಲಿನ ಬಣ್ಣ ಕೆಟ್ಟಿತು. ಎಲೆಗಳ ನಡುವಿಂದ ನೆಲಕ್ಕೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಒಂದು ಮಗ್ಗುಲು ಕಚ್ಚಿದ ಹಾಗೆ ಕಂಡವು. ಗ್ರಹಣ ಹಿಡಿದಿತ್ತು. ದರ್ಭೆಗಾಗಿ ಚೀಲಕ್ಕೆ ಕೈ ಹಾಕಿದೆ. ಅವಲಕ್ಕಿಯ ಗಂಟು, ಚಟ್ನಿಪುಡಿ, ಸೀರೆ. ದರ್ಭೆ ಇರಲಿಲ್ಲ. ಓಝರಿನ ಮನೆಯಲ್ಲಿ ದೇವರ ಮುಂದಿಟ್ಟು ಅಲ್ಲೇ ಬಿಟ್ಟು ಬಂದಿದ್ದೆ.

ಗ್ರಹಣ ಬಿಡುವವರೆಗೆ ಡಬ್ಬಿಗಳನ್ನು ನೋಡುತ್ತ ಕೂತೆ. ಅತ್ತೆಯವರು ಮಗುವಿನ ಹೆಸರು ಹೇಳಿ ಕಳಿಸಿದ್ದರು. ಆ ನೀರು ಕುಡಿದು ಅಲ್ಲಿ ಮಗುವಿಗೆ ಏನಾದರೂ ಆದರೆ? ಮುಂದಿನ ಊರಿನಲ್ಲಿ ಒಂದು ಕೊಡವಾದರೂ ಸಿಗದೆ ಇರುತ್ತದೆಯೇ ಎಂದು ಧೈರ್ಯ ತಂದುಕೊಂಡೆ. ಎರಡೂ ಡಬ್ಬಿಗಳನ್ನು ಬೇವಿನ ಬುಡಕ್ಕೆ ಸುರಿದೆ. ನೆಲ ಸದ್ದೂ ಮಾಡದೆ ಕುಡಿದುಬಿಟ್ಟಿತು.

ಇವರನ್ನು ಎಬ್ಬಿಸಿ ಕೇಳಬಹುದಿತ್ತು. ನಾಚಿಕೆಯಿಂದ ಕೇಳಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಎದ್ದವರು ಡಬ್ಬಿ ಎತ್ತಿದರು. "ಯಾಕ ಹಗುರ ಅದ ಇದು?"

"ಗ್ರಹಣದ ನೀರರೀ. ದರ್ಭಿ ಇರಲಿಲ್ಲ. ಚೆಲ್ಲಿದೆ."

"ಎರಡೂ?"

ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಹಸಿಯಾದ ಮಣ್ಣನ್ನೇ ಸ್ವಲ್ಪ ಹೊತ್ತು ನೋಡಿ, "ಏಳು, ಹೊತ್ತು ಮುಣಗೂದರಾಗ ಊರ ಮುಟ್ಟೋಣ" ಎಂದರು. ಹಿಂದಿನ ಬಾವಿ ಅರ್ಧ ದಿನ ಹಿಂದೆ ಉಳಿದಿತ್ತು.

ಮುಂದಿನ ಊರಿನಲ್ಲಿ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಒಬ್ಬ ಮುದುಕಿ ನಮ್ಮ ಕಥೆ ಕೇಳಿ ಹಣೆ ಬಡಿದುಕೊಂಡಳು. "ಅಗ ಬಾಈ, ಪಾಣಿ ಸಾಂಡಲಂಸ? ಪಾಣಿ?" ನೀರು ಚೆಲ್ಲಿದೆಯಾ, ನೀರನ್ನು! ಬೈಯುತ್ತಲೇ ಒಳಗೆ ಹೋಗಿ ತನ್ನ ಕೊಡದ ತಳದಿಂದ ಎರಡು ಲೋಟ ತಂದುಕೊಟ್ಟಳು. ಇವರು ತಮ್ಮ ಲೋಟದಲ್ಲಿ ಅರ್ಧ ಕುಡಿದು ಉಳಿದದ್ದನ್ನು ನನ್ನ ಕೈಗಿಟ್ಟರು. ನಾನು ಕುಡಿದೆ. ಅದೂ ನಿಮಗೆ ಗೊತ್ತಿರಲಿ.

ಮರುದಿನ ನಸುಕಿನಲ್ಲೇ ಹೊರಟೆವು. ಬಿಸಿಲೇರಿದಂತೆ ಅವರ ಬೆವರು ನಿಂತಿತು, ಚರ್ಮ ಒಣಗಿ ಕೆಂಪಾಯಿತು. ನನ್ನನ್ನು "ಅವ್ವಾ" ಎಂದು ಕರೆದರು. ಆಮೇಲೆ ಮೊಣಕಾಲೂರಿ ಕೂತವರು ಹಾಗೇ ಮಗ್ಗುಲಾದರು. ಪರಗಂಡಸಿನ ಮುಂದೆ ದನಿಯೆತ್ತದ ನಾನು ಬಯಲಿನಲ್ಲಿ ನಿಂತು ಕೂಗಿದೆ. ಎಷ್ಟು ಹೊತ್ತು ಕೂಗಿದೆನೋ ತಿಳಿಯದು. ಪೀಪಾಯಿ ಹೇರಿಕೊಂಡು ನೀರಿಗೆ ಹೊರಟಿದ್ದ ಒಂದು ಎತ್ತಿನ ಗಾಡಿಯವನು ಬಂದು, ಖಾಲಿ ಪೀಪಾಯಿ ಇಳಿಸಿ ಇವರನ್ನು ಮಲಗಿಸಿಕೊಂಡ. ಹತ್ತಿರದ ಪೇಟೆಯ ದವಾಖಾನೆಯಲ್ಲಿ ಆರು ದಿನ ಇದ್ದೆವು. ಮೂತ್ರ ಕಟ್ಟಿತ್ತು, ಮತ್ತೆ ಬಂತು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಜೋಪಾನ ಎಂದು ಡಾಕ್ಟರು ಹೇಳಿದರು. ವೇರೂಳು ನೋಡಲಿಲ್ಲ. ಬಸ್ಸಿನಲ್ಲಿ ಹಿಂದಿರುಗಿದೆವು.

ಓಝರಿನಲ್ಲಿ ಬಸ್ಸಿಳಿದ ಮೇಲೆ ಇವರು ರಸ್ತೆಯ ಬದಿ ಕೂತರು. ಚೀಲದಿಂದ ಒಂದು ಡಬ್ಬಿ ತೆಗೆದು, ಬೆಸುಗೆಯ ಮೇಲೆ ಮೊಳೆಯಿಟ್ಟು ಕಲ್ಲಿನಿಂದ ಹೊಡೆದರು. ಆಮೇಲೆ ಇನ್ನೊಂದಕ್ಕೂ. ಯಾಕೆಂದು ನಾನು ಕೇಳಲಿಲ್ಲ. ಮನೆ ಹೊಕ್ಕ ಮೇಲೆ ತಿಳಿಯಿತು.

"ಡಬ್ಬಿ ಸೋರಿದ್ವು, ಅವ್ವಾ. ನಾನ ನೋಡ್ಕೊಳ್ಳಿಲ್ಲ."

ಅತ್ತೆಯವರು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಇಮಾನಕ್ಕ ತಗಡ ಹಚ್ಚಾಂವಾ! ಒಂದ ಡಬ್ಬಿ ನೆಟ್ಟಗ ಬೆಸೀಲಿಕ್ಕೆ ಬರಲಿಲ್ಲೇನೋ ನಿನಗ? ನಿಮ್ಮ ಇಮಾನದಾಗ ಕೂಡವರ ಗತಿ ಏನೋ!"

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಎರಡು ಹೆಜ್ಜೆ ಇಟ್ಟರೆ ಸಾಕಿತ್ತು. ಇಡಲಿಲ್ಲ. ಅತ್ತೆಯವರು ಇರುವವರೆಗೂ ಬಂದವರಿಗೆಲ್ಲ ಆ ಮಾತು ಹೇಳಿ ನಗಿಸಿದರು. ನಿಮ್ಮ ಅಪ್ಪನೂ ಅದನ್ನೇ ಕೇಳಿ ಬೆಳೆದ. ಇವರು ಮತ್ತೆ ರವಿವಾರ ಗುಡ್ಡಕ್ಕೆ ಹೋಗಲಿಲ್ಲ, ಮನೆಗೆಂದು ಒಂದು ಡಬ್ಬಿಯನ್ನೂ ಬೆಸೆಯಲಿಲ್ಲ.

ಇಪ್ಪತ್ತು ವರ್ಷದ ಮೇಲೆ ಮೂತ್ರಪಿಂಡಗಳು ಪೂರ್ತಿ ಕೈಬಿಟ್ಟವು. ಸಕ್ಕರೆ ಕಾಯಿಲೆಯೂ ಇತ್ತು, ಕಾರಣ ಇದೇ ಎಂದು ಹೇಳಲಾಗದು ಎಂದರು ಡಾಕ್ಟರು. ದಿನಕ್ಕೆ ಇಷ್ಟೇ ನೀರು ಎಂದು ಕಟ್ಟು ಮಾಡಿದರು. ಅಳೆದು ಕೊಡುವವಳು ನಾನೇ. ಒಂದು ಸಂಜೆ ಚಮಚದಲ್ಲಿ ಕುಡಿಸುವಾಗ, ಅಂದು ಸುಳ್ಳು ಯಾಕೆ ಹೇಳಿದಿರಿ ಎಂದು ಕೊನೆಗೂ ಕೇಳಿದೆ.

"ಅವ್ವ ನಿನ್ನ ಬದುಕಗೊಡ್ತಿದ್ದಿಲ್ಲ" ಎಂದರು. ಇನ್ನೊಂದು ಚಮಚ ಕುಡಿದು, "ನೀ ಹೊರಗ ಬಂದು ಖರೇ ಹೇಳ್ತಿ ಅಂತ ದಾರಿ ನೋಡಿದೆ. ಭಾಳ ದಿನ ನೋಡಿದೆ" ಎಂದರು.

ನಾನು ಚಮಚ ತೊಳೆದಿಟ್ಟೆ.

ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಇದನ್ನು ನಿಮ್ಮ ಅಪ್ಪನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿರಿ. ಓದುವಾಗ ಅವನು ನಿಲ್ಲಿಸಿದರೆ, ಮುಂದೆ ಓದು ಎನ್ನಿರಿ.