ಮೂವತ್ತಾರೂವರೆ ಡಿಗ್ರಿ

ಭೋಜರಾಜನದು ತಂಪಿನ ಹೊಟ್ಟೆಪಾಡು. ಹಳೆಯಂಗಡಿಯಿಂದ ಮಸ್ಕತ್ತಿಗೆ ಬಂದು ಮೂವತ್ತೊಂದು ವರ್ಷವಾಯಿತು. ಅಷ್ಟೂ ವರ್ಷ ವಾದಿ ಅದಾಯ್‌ನ ಒಂದೇ ವರ್ಕ್‌ಶಾಪಿನಲ್ಲಿ ಏಸಿ ಬಿಚ್ಚಿ, ತೊಳೆದು, ಗ್ಯಾಸ್ ತುಂಬಿಸಿ, ಮತ್ತೆ ಗೋಡೆಗೆ ಏರಿಸಿದ್ದೇ ಅವನ ಬಾಳು. ಮೇ ತಿಂಗಳಲ್ಲಿ ಅವನಿಗೆ ಊಟಕ್ಕೆ ಪುರುಸೊತ್ತಿಲ್ಲ, ಜನವರಿಯಲ್ಲಿ ಅವನನ್ನು ಕೇಳುವವರಿಲ್ಲ. ಚಳಿ ಶುರುವಾಯಿತೆಂದರೆ ಏಸಿ ಮೆಕ್ಯಾನಿಕ್ ಎಂಬ ಪ್ರಾಣಿ ಭೂಮಿಯ ಮೇಲೆ ಇದೆಯೆಂಬುದೇ ಜನರಿಗೆ ಮರೆತುಹೋಗುತ್ತದೆ. ಒಂದು ಕೋಣೆಯನ್ನು ಬೆಚ್ಚಗೆ ಮಾಡಿಕೊಡು ಎಂದು ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ. ಕೇಳಿದ್ದು ಈ ಜನವರಿಯಲ್ಲಿ, ಅದೂ ಸ್ವಂತ ಮನೆಯಲ್ಲಿ.

ಮಗಳು ಯಶ್ಮಿತಾ ಚೊಚ್ಚಲ ಹೆರಿಗೆಗೆಂದು ಸಲಾಲಾದಿಂದ ತವರಿಗೆ ಬಂದಿದ್ದಳು. ತವರೆಂದರೆ ಹಳೇ ಕಟ್ಟಡವೊಂದರ ಮೂರನೇ ಮಾಳಿಗೆಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟು. ಗಂಡ ಕೀರ್ತನ್‌ಗೆ ಸಲಾಲಾ ಬಂದರಿನಲ್ಲಿ ಕೆಲಸ. ರಜೆ ಸಿಕ್ಕಿದರೆ ಶುಕ್ರವಾರ ಬರುವವನು. ಮಗು ಐದು ವಾರ ಮೊದಲೇ ಹುಟ್ಟಿತು, ಎರಡು ಕೆಜಿಯೂ ತೂಗಲಿಲ್ಲ. ಎರಡು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಮನೆಗೆ ಕಳಿಸುವಾಗ ನರ್ಸ್ ಒಂದೇ ಮಾತನ್ನು ಮೂರು ಸಲ ಹೇಳಿದ್ದಳು. ಮಗುವಿಗೆ ಈಗ ಸ್ನಾನವೂ ಬೇಡ, ಎಣ್ಣೆಯೂ ಬೇಡ, ಬೆಚ್ಚಗಿದ್ದರೆ ಸಾಕು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಮೂವತ್ತಾರೂವರೆಗಿಂತ ಕೆಳಗೆ ಬರಬಾರದು. ಬಂದರೆ ಬಟ್ಟೆ ತೆಗೆದು ಎದೆಗೆ ಮೈ ತಾಗಿಸಿ ಹಿಡಿಯಿರಿ, ಮೂವತ್ತಾರಕ್ಕಿಂತ ಇಳಿದರೆ ತಡಮಾಡದೆ ಕರಕೊಂಡು ಬನ್ನಿ.

ಭೋಜರಾಜ ಅಂದೇ ಹೋಗಿ ಅಂಗಡಿಯಲ್ಲಿ ಉಳಿದಿದ್ದ ಕಟ್ಟಕಡೆಯ ಹೀಟರನ್ನು ತಂದು ಮಗಳ ಕೋಣೆಯಲ್ಲಿಟ್ಟ. ಅಲ್ಲಿಗೆ ಸಮಸ್ಯೆ ಮುಗಿಯಬೇಕಿತ್ತು. ಆದರೆ ಅವನ ಹೆಂಡತಿ ಉಮಾವತಿಗೆ ಬೇರೆಯೇ ಚಿಂತೆ. ಮಗುವಿಗೆ ಸ್ನಾನ ಬೇಡ ಅಂದಿದ್ದಾರೆ, ಬಾಣಂತಿಗೆ ಬೇಡ ಅಂದಿಲ್ಲವಲ್ಲ ಎಂಬುದು ಅವಳ ವಾದ. ಊರಿನ ಬಚ್ಚಲಿನಲ್ಲಿ ಹಂಡೆಯ ನೀರು ಕುದಿಯುತ್ತಿದ್ದರೆ, ಇಲ್ಲಿ ಗೀಸರ್ ಸ್ವಲ್ಪ ಬಿಸಿಯಾದದ್ದೇ ಟಕ್ಕೆಂದು ನಿಂತುಬಿಡುತ್ತಿತ್ತು.

"ಇದೆಂತ ನೀರು ಮಾರಾಯ್ರೆ? ಉಗುರು ಬೆಚ್ಚಗೆ! ಬಾಣಂತಿಗೆ ಇದು ಸಾಕಾಗ್ತದಾ? ನಾಳೆ ಅವಳಿಗೆ ಸೊಂಟನೋವು ಬಂದ್ರೆ ಯಾರು ನೋಡುದು?" ಎಂದು ಅವಳು ದಿನಾ ಬೆಳಿಗ್ಗೆ ರಾಗ ತೆಗೆಯುತ್ತಿದ್ದಳು.

ಬೇರೆ ವಿಷಯವಾಗಿದ್ದರೆ ಭೋಜರಾಜ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಈ ಮಗಳು ಊರಿನಲ್ಲಿ ಹುಟ್ಟಿದಾಗ ಅವನು ಇಲ್ಲಿ ಯಾರದೋ ಟೆರೇಸಿನ ಮೇಲೆ ಏಸಿ ಕಟ್ಟುತ್ತಿದ್ದ. ಮೊದಲ ಸಲ ಅವಳನ್ನು ಕಂಡಾಗ ಅವಳಿಗೆ ಹನ್ನೊಂದು ತಿಂಗಳು. ಅಪ್ಪನ ಮುಖ ನೋಡಿ ಹೆದರಿ ಅತ್ತಿದ್ದಳು. ಅಂದು ಮಾಡದೇ ಉಳಿದದ್ದನ್ನೆಲ್ಲ ಈಗ ಮಾಡಬೇಕೆಂಬ ಆಸೆ ಅವನಿಗೆ. ಆದ್ದರಿಂದ ಭಾನುವಾರ ಸಂಜೆ ಸ್ಟೂಲ್ ಹತ್ತಿ ಗೀಸರಿನ ಮುಚ್ಚಳ ಬಿಚ್ಚಿ, ಥರ್ಮೋಸ್ಟಾಟಿನ ಎರಡು ವೈರುಗಳನ್ನು ನೇರ ಒಂದಕ್ಕೊಂದು ಸುತ್ತಿಬಿಟ್ಟ. ನೀರು ಸಾಕಷ್ಟು ಕಾದಾಗ ಗೀಸರನ್ನು ನಿಲ್ಲಿಸುವ ಕಾವಲುಗಾರ ಅಲ್ಲಿಗೆ ಕೆಲಸ ಕಳೆದುಕೊಂಡ. ಇದು ಮಾಡಬಾರದ ಕೆಲಸವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಗೆ ಮಾತ್ರ, "ಇನ್ನು ಕುದಿಯುವ ನೀರು ಬರ್ತದೆ. ಇಪ್ಪತ್ತು ನಿಮಿಷ ಆದ ಕೂಡ್ಲೆ ಸ್ವಿಚ್ ಆಫ್ ಮಾಡು, ಮರೀಬೇಡ" ಎಂದಷ್ಟೇ ಹೇಳಿದ.

ಮಂಗಳವಾರ ಬೆಳಗಿನಿಂದ ಮಳೆ. ಮಸ್ಕತ್ತಿನ ಮಳೆಗೆ ವರ್ಷಕ್ಕೆ ನಾಲ್ಕು ದಿನ ಸಿಕ್ಕಿದರೆ ಹೆಚ್ಚು, ಆ ನಾಲ್ಕು ದಿನದಲ್ಲಿ ಅದು ತನ್ನ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತದೆ. ವರ್ಕ್‌ಶಾಪಿಗೆ ರಜೆ, ಭೋಜರಾಜ ಮನೆಯಲ್ಲೇ ಇದ್ದ. ಹತ್ತು ಗಂಟೆಯ ಹೊತ್ತಿಗೆ ಯಶ್ಮಿತಾ ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ತೆಳ್ಳಗಿನ ನೈಟಿಯೊಂದನ್ನು ಸುತ್ತಿಕೊಂಡು, ಮಗುವಿಗೆ ಹಾಲೂಡಿಸುತ್ತ ಕೂತಿದ್ದಳು. ಇದ್ದಕ್ಕಿದ್ದಂತೆ ಬಾತ್‌ರೂಮಿನಲ್ಲಿ ಪಟಾಕಿ ಹೊಡೆದಂಥ ಸದ್ದು. ಉಪ್ಪುಗಟ್ಟಿ ಕೂತಿದ್ದ ಸೇಫ್ಟಿ ವಾಲ್ವ್ ತೆರೆಯಲಿಲ್ಲ. ಕುದಿದು ಮೆತ್ತಗಾದ ಪ್ಲಾಸ್ಟಿಕ್ ಪೈಪು ಜಾಯಿಂಟಿನಲ್ಲೇ ಕಳಚಿಕೊಂಡಿತು. ಹಬೆ ತುಂಬಿ ಬಾಗಿಲು ಕಾಣದಾಯಿತು. ಮೊದಲು ಬಂದದ್ದು ಬಿಸಿನೀರು, ಅದರ ಬೆನ್ನಿಗೇ ಟ್ಯಾಂಕಿಯ ತಣ್ಣೀರು. ಅದು ಹೊಸ್ತಿಲು ದಾಟಿ ಬೆಡ್‌ರೂಮಿಗೆ ನುಗ್ಗಿ, ನೆಲದ ಮೇಲಿದ್ದ ಹೀಟರನ್ನು ಮುಳುಗಿಸಿ, ಚಟ್ಟೆಂದು ಕಿಡಿ ಹಾರಿಸಿ, ನೆಲದಲ್ಲಿ ಹಾಸಿದ್ದ ಬಾಣಂತಿ ಹಾಸಿಗೆಯನ್ನೂ ತೋಯಿಸಿತು. ಯಶ್ಮಿತಾ ಮಗುವನ್ನು ಎದೆಗವಚಿಕೊಂಡು ಹಾಲ್‌ಗೆ ಓಡಿಬಂದಳು. ಯಾರಿಗೂ ಸುಟ್ಟಗಾಯವಾಗಲಿಲ್ಲ ಎಂಬುದೊಂದೇ ಪುಣ್ಯ.

ಕೆಳಮಾಳಿಗೆಯ ಹಕೀಂ, ಬಜ್ಪೆ ಕಡೆಯ ಪ್ಲಂಬರ್, ಮಳೆಯಲ್ಲೇ ಟೆರೇಸಿಗೆ ಓಡಿ ಟ್ಯಾಂಕಿಯ ವಾಲ್ವ್ ಮುಚ್ಚಿ ಬಂದ. ಗೀಸರಿನ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟವನು ಸುತ್ತಿದ ವೈರುಗಳ ಮೇಲೆ ಬೆಳಕನ್ನು ಒಂದು ಗಳಿಗೆ ಹಾಗೇ ನಿಲ್ಲಿಸಿದ. ಆಮೇಲೆ ಭೋಜರಾಜನ ಮುಖ ನೋಡಿದ. ಭೋಜರಾಜ ನೆಲ ನೋಡಿದ.

"ಓನರಿಗೆ ಫೋನ್ ಮಾಡಿದ್ರಾ ಭೋಜಣ್ಣ?" ಎಂದಷ್ಟೇ ಕೇಳಿದ ಹಕೀಂ.

"ಅವನಿಗೆಂತ ಫೋನ್ ಮಾಡುದು!" ಎಂದು ಉಮಾವತಿ ಹಾಲ್‌ನಿಂದಲೇ ಕೂಗಿದಳು. "ಓಬೀರಾಯನ ಕಾಲದ ಗೀಸರ್ ಇಟ್ಟು ಮನುಷ್ಯರನ್ನು ಕೊಲ್ಲಿಕ್ಕೆ ಹೊರಟಿದ್ದಾನೆ!" ನೀರು ಒರೆಸುತ್ತ ಒರೆಸುತ್ತ ಅವಳು ಆ ಮಾಲೀಕನ ಏಳು ತಲೆಮಾರನ್ನು ಜಾಲಾಡಿದಳು. ಪಾಪ, ಆ ಮನುಷ್ಯ ಸೀಬ್‌ನ ತನ್ನ ಮನೆಯಲ್ಲಿ ಏನೂ ಅರಿಯದೆ ಚಹಾ ಕುಡಿಯುತ್ತಿದ್ದಿರಬೇಕು. ಭೋಜರಾಜ ಗೀಸರಿನ ಮುಚ್ಚಳವನ್ನು ಮತ್ತೆ ಕೂರಿಸಿ ತಿರುಪು ಬಿಗಿದ.

ಹನ್ನೊಂದೂವರೆಗೆ ಮಗುವಿನ ಜ್ವರ ನೋಡಿದರು. ಜ್ವರವಲ್ಲ, ಅದರ ಉಲ್ಟಾ. ಮೂವತ್ತಾರು ಪಾಯಿಂಟ್ ಮೂರು. ಯಶ್ಮಿತಾ ಆಗಲೇ ಮಗುವನ್ನು ಬರಿಮೈಗೆ ತಾಗಿಸಿಕೊಂಡು ಮೇಲೆ ಎರಡು ಕಂಬಳಿ ಹೊದ್ದಿದ್ದಳು. ಆದರೆ ಮೊಣಕಾಲವರೆಗೆ ತೊಯ್ದು ಬಂದವಳಿಗೆ ತಾನೇ ನಡುಕ. ಹಲ್ಲು ಕಟಕಟ ಎನ್ನುತ್ತಿತ್ತು. ಉಮಾವತಿ ಮಗುವನ್ನು ತೆಗೆದುಕೊಂಡು ತನ್ನ ಎದೆಗಿಟ್ಟು ನೋಡಿದಳು. ಅಷ್ಟು ಹೊತ್ತು ನೀರಿನಲ್ಲಿ ಕೈಯಾಡಿಸಿದ ಮೈ ಅದು, ಪಾತ್ರೆಯ ಹಾಗೆ ತಣ್ಣಗಿತ್ತು. ಬಟ್ಟೆಗಳನ್ನು ಕಾವಲಿಯ ಮೇಲೆ ಕಾಯಿಸಿ ತಂದು ಹೊದಿಸಿದರೆ ಎರಡು ನಿಮಿಷಕ್ಕೆ ಆರುತ್ತಿದ್ದವು. ಊರಿನಂತೆ ಕೆಂಡ ತಂದಿಡುತ್ತೇನೆಂದು ಅವಳು ಹೊರಟಾಗ ಭೋಜರಾಜ, "ಮುಚ್ಚಿದ ರೂಮಲ್ಲಿ ಕೆಂಡವಾ? ಉಸಿರು ಕಟ್ಟಿ ಸಾಯ್ಲಿಕ್ಕಾ?" ಎಂದು ಅರಚಿದ.

ಆಸ್ಪತ್ರೆಗೆ ಫೋನ್ ಹಚ್ಚಿದರೆ ನರ್ಸ್ ಅದನ್ನೇ ಹೇಳಿದಳು: ಮೈಗೆ ಮೈ ತಾಗಿಸಿ, ಇಳಿಯುತ್ತಲೇ ಹೋದರೆ ಕರೆತನ್ನಿ. ಹೇಗೆ ತರುವುದು? ಮೇಲಿನ ಗುಡ್ಡಗಳಿಂದ ವಾದಿ, ಅಂದರೆ ಮಳೆಗೆ ಮಾತ್ರ ಹರಿಯುವ ಒಣಹೊಳೆ, ನುಗ್ಗಿ ಬಂದು ರಸ್ತೆಯೇ ಹೊಳೆಯಾಗಿತ್ತು. ಪೊಲೀಸರು ಎರಡೂ ಕಡೆ ತಡೆ ಹಾಕಿದ್ದರು. ಆಂಬುಲೆನ್ಸ್‌ನವರೂ, ಹೊರಟಿದ್ದೇವೆ, ಆದರೆ ನೀರು ಇಳಿಯದೆ ದಾಟಲಾಗದು ಎಂದರು. ಮೂವತ್ತಾರು ಪಾಯಿಂಟ್ ಎರಡು.

ಭೋಜರಾಜನಿಗೊಂದು ಉಪಾಯ ಹೊಳೆಯಿತು. ತನ್ನ ಕೋಣೆಯ ಗೋಡೆಯಲ್ಲಿ ಹಳೇ ವಿಂಡೋ ಏಸಿ ಕೂತಿದೆ. ಆ ಪೆಟ್ಟಿಗೆ ಮುಂದಿನಿಂದ ತಂಪು ಊದುವಾಗ ಹಿಂದಿನಿಂದ ಬೀದಿಗೆ ಬಿಸಿ ಊದುತ್ತದೆ. ಅದನ್ನೇ ತಿರುಗಿಸಿ ಕೂರಿಸಿದರೆ?

"ಹಕೀಂ, ಹಿಡಿ!"

ಐವತ್ತು ಕೆಜಿಯ ಏಸಿಯನ್ನು ಇಬ್ಬರೂ ಹೊರಗೆಳೆದರು. ಖಾಲಿ ಕಿಂಡಿಯಿಂದ ಮಳೆಗಾಳಿ ನುಗ್ಗಿತು. ವೈರಿಗೆ ವೈರು ಸೇರಿಸಿ ಉದ್ದ ಮಾಡಿ, ಬ್ರಷ್ಷಿನಿಂದ ಧೂಳು ಕೆರೆದು, ತಿರುಗಿಸಿ, ಎತ್ತಿ, ತಳ್ಳಿ, ಸುತ್ತ ರಟ್ಟು ತುರುಕಿ ಟೇಪು ಹಚ್ಚಿದರು. ಐವತ್ತಾರು ವರ್ಷದ ಭೋಜರಾಜನ ಬೆನ್ನು ಮುರಿದುಹೋದಂತಾಯಿತು, ಬೆವರು ಧಾರಾಕಾರ ಇಳಿಯಿತು. ಏಸಿ ಗುಡುಗುಡು ಎಂದು ಎದ್ದಿತು. ಎರಡು ನಿಮಿಷದಲ್ಲಿ ಬೆಚ್ಚನೆಯ ಗಾಳಿ ಮುಖಕ್ಕೆ ಹೊಡೆಯಿತು. ಹಕೀಂ "ಯಾ ಅಲ್ಲಾ!" ಎಂದು ನಕ್ಕುಬಿಟ್ಟ. ಭೋಜರಾಜನ ಕಣ್ಣು ತುಂಬಿತು.

ಐದನೇ ನಿಮಿಷಕ್ಕೆ ಟಕ್ ಎಂದು ಕಂಪ್ರೆಸರ್ ನಿಂತಿತು. ಬರೀ ಫ್ಯಾನ್ ತಿರುಗುತ್ತಿತ್ತು.

ಏಕೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ತಂಪನ್ನು ಅಳೆಯುವ ಏಸಿಯ ಮೂಗು ಈಗ ಬೀದಿಯ ಕಡೆಗಿದೆ. ಬೀದಿಯಲ್ಲಿ ಹದಿನಾಲ್ಕು ಡಿಗ್ರಿ. ಹದಿನಾರಕ್ಕೆ ತಂಪಾದರೆ ನಿಲ್ಲು ಎಂದು ಕಲಿತ ಯಂತ್ರ, ಕೆಲಸ ಮುಗಿಯಿತೆಂದುಕೊಂಡು ನಿಂತಿದೆ. ಮದ್ದೂ ಗೊತ್ತಿತ್ತು. ಏಸಿಯನ್ನು ಮತ್ತೆ ಒಳಗೆಳೆದು, ಥರ್ಮೋಸ್ಟಾಟಿನ ಎರಡು ವೈರುಗಳನ್ನು ನೇರ ಸುತ್ತಿಬಿಟ್ಟರಾಯಿತು.

ಇಬ್ಬರೂ ಅದನ್ನು ಅರ್ಧ ಒಳಗೆಳೆದರು. ಭೋಜರಾಜ ಮುಚ್ಚಳ ತೆಗೆದ, ವೈರುಗಳ ತುದಿ ಸುಲಿದ. ಅಲ್ಲಿಗೆ ಅವನ ಕೈ ನಿಂತಿತು. ಹಳೇ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟು ಹೊಗೆಯೆದ್ದರೆ? ಆ ಹೊಗೆಯಲ್ಲಿ ಮಗುವಿದ್ದರೆ? ಎರಡು ವೈರುಗಳನ್ನು ಹತ್ತಿರ ತಂದ, ಮತ್ತೆ ದೂರ ಸರಿಸಿದ.

ಉಮಾವತಿ ಬಾಗಿಲಲ್ಲಿ ಬಂದು ನಿಂತಳು. "ಮೂವತ್ತಾರಕ್ಕೆ ಬಂತು. ಮಗು ಹಾಲೂ ಕುಡೀತಾ ಇಲ್ಲ. ಎಂತ ಮಾಡುದು ಈಗ? ಹೇಳಿ, ಎಂತ ಮಾಡುದು?"

"ನನ್ನನ್ನು ಕೇಳ್ಬೇಡ ಉಮಾ," ಎಂದ ಅವನು, ಮುಖ ತಿರುಗಿಸದೆ. "ಗೀಸರಿಗೂ ನಾನು ಇದೇ ಮಾಡಿದ್ದು. ಇದೇ ಎರಡು ವೈರು. ಓನರ್ ಎಂತದೂ ಮಾಡ್ಲಿಲ್ಲ. ನಾನೇ ಕೈಯಾರೆ ಮಾಡಿದ್ದು."

ಹಕೀಂ ಸುಮ್ಮನೆ ಹೊರಗೆ ನಡೆದ.

ಉಮಾವತಿ ಬೈಯಲಿಲ್ಲ. "ಗೊತ್ತುಂಟು," ಎಂದಳು. "ನೀವು ಇಪ್ಪತ್ತು ನಿಮಿಷ ಅಂದ್ರಿ. ನಾನು ಎಣ್ಣೆ ಹಚ್ತಾ ಹಚ್ತಾ ಒಂದು ಗಂಟೆ ಬಿಟ್ಟೆ. ಆಗಿಂದ ಓನರಿಗೆ ಬೈತಾ ಇದ್ದೇನಲ್ಲ, ಮತ್ತೆಂತ ಮಾಡ್ಲಿ ನಾನು?" ಅವಳಿಗೆ ಅಳು ಬಂತು. ವೈರು ಬಿಡಿಸಿಕೊಳ್ಳಲೆಂದು ಅವನ ತೋಳು ಹಿಡಿದವಳು ಹಾಗೆಯೇ ನಿಂತಳು. ಬೆನ್ನು ಮುಟ್ಟಿ ನೋಡಿದಳು. ಕುತ್ತಿಗೆ ಮುಟ್ಟಿ ನೋಡಿದಳು. ಮಣಭಾರ ಎತ್ತಿ ಇಳಿಸಿ ಕಾದ ಮೈ ಒಲೆಯಂತೆ ಸುಡುತ್ತಿತ್ತು.

"ಅಂಗಿ ತೆಗೀರಿ."

"ಎಂತ?"

"ಅಂಗಿ ತೆಗೀರಿ ಅಂದೆ!"

ಒಣ ಟವೆಲಿನಿಂದ ಅವನ ಎದೆಯ ಬೆವರನ್ನು ಚರ್ಮ ಕೆಂಪಾಗುವಷ್ಟು ಉಜ್ಜಿ, ಸೋಫಾದಲ್ಲಿ ಒರಗಿಸಿ ಕೂರಿಸಿದಳು. ಯಶ್ಮಿತಾ ಮಗುವನ್ನು ಅವನತ್ತ ನೀಡಿದಳು. ಭೋಜರಾಜ ಕೈ ಹಿಂದೆಗೆದುಕೊಂಡ. "ನಂಗೆ ಹಿಡೀಲಿಕ್ಕೆ ಗೊತ್ತಿಲ್ಲ, ಬೀಳ್ತದೆ."

"ಪಪ್ಪಾ, ಪ್ಲೀಸ್. ಜಸ್ಟ್ ಹೋಲ್ಡ್ ಹಿಮ್."

ಒಂದು ಅಂಗೈಯಗಲದ ಆ ಜೀವ ಅವನ ಎದೆಯ ಮೇಲೆ ಕವುಚಿ ಮಲಗಿತು. ಕಾಲು ಐಸಿನಂತಿದ್ದವು. ಮೇಲೆ ಕಂಬಳಿ ಬಂತು, ಮಗುವಿನ ತಲೆಗೆ ಟೋಪಿ ಬಂತು. ಜೋರಾಗಿ ಉಸಿರಾಡಿದರೆ ಜಾರೀತೆಂದು ಅವನು ಉಸಿರನ್ನೂ ಅಳೆದು ಬಿಡುತ್ತಿದ್ದ. ಹದಿನೈದು ನಿಮಿಷಕ್ಕೆ ಮೂವತ್ತಾರು ಪಾಯಿಂಟ್ ಒಂದು. ಅರ್ಧ ಗಂಟೆಗೆ ಪಾಯಿಂಟ್ ಎರಡು. ಮಗು ತುಟಿ ಚಪ್ಪರಿಸತೊಡಗಿತು, ಅವನ ಎದೆಯಲ್ಲಿ ಸಿಗದ ಹಾಲಿಗಾಗಿ ಮೂಗು ಉಜ್ಜಿತು. ಒಂದೂಕಾಲು ಗಂಟೆಯ ಮೇಲೆ ಉಮಾವತಿ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು.

"ಮೂವತ್ತಾರೂವರೆ," ಎಂದವಳೇ ನೆಲದ ಮೇಲೆ ಕೂತುಬಿಟ್ಟಳು.

ಭೋಜರಾಜನ ಕಣ್ಣೀರು ಕಿವಿಯವರೆಗೆ ಇಳಿದಿತ್ತು. ಒರೆಸಿಕೊಳ್ಳಲು ಅವನ ಎರಡು ಕೈಯೂ ಖಾಲಿಯಿರಲಿಲ್ಲ.